ಮೊದಲ ಸಲ ಮುಂಬೈಗೆ ಹೊರಟಿದ್ದೀರಾ? ರೂಮಿನಿಂದ ಲೋಕಲ್‌ವರೆಗೆ, ಹಂತ ಹಂತವಾಗಿ

ಊರಿಂದ ಮುಂಬೈ ನೋಡಲು ಬರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಎಷ್ಟು ದಿನ ಬೇಕು? ರೂಮು ಎಲ್ಲಿ ಮಾಡೋದು? ಜೊತೆಗೆ ಅಮ್ಮ ಇದ್ದಾರೆ, ಮಕ್ಕಳಿದ್ದಾರೆ, ಲೋಕಲ್ ರೈಲು ಹತ್ತೋಕೆ ನಮ್ಮ ಕೈಲಿ ಆಗುತ್ತಾ? ಎಲ್ಲದಕ್ಕೂ ಉತ್ತರ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಹೊರಡುವ ಮೊದಲು ಒಮ್ಮೆ ಓದಿಕೊಳ್ಳಿ, ಲೋಕಲ್ ಭಾಗವನ್ನು ಮಾತ್ರ ಎರಡು ಸಲ ಓದಿ.

ಮುಂಬೈ ಉದ್ದನೆಯ ಊರು. ದಕ್ಷಿಣದ ತುದಿಯಲ್ಲಿ ಕೊಲಾಬಾ. ಅಲ್ಲಿಂದ ಉತ್ತರಕ್ಕೆ ಬೊರಿವಲಿ, ಥಾಣೆ ಕಡೆಗೆ ಊರು ಉದ್ದಕ್ಕೆ ಚಾಚಿಕೊಂಡಿದೆ. ನೀವು ನೋಡಬೇಕು ಅಂದುಕೊಂಡ ಜಾಗಗಳಲ್ಲಿ ಹೆಚ್ಚಿನವು ದಕ್ಷಿಣದಲ್ಲಿವೆ. ಕೆಲಸಕ್ಕೆ ಹೋಗುವ ಜನರೂ ಬೆಳಗ್ಗೆ ಹೆಚ್ಚಾಗಿ ಅದೇ ಕಡೆಗೆ ಹೋಗುತ್ತಾರೆ, ಸಂಜೆ ಉತ್ತರಕ್ಕೆ ವಾಪಸ್ ಬರುತ್ತಾರೆ. ಅದಕ್ಕೇ ಇಲ್ಲಿ ಏನೇನು ನೋಡಬೇಕು ಅನ್ನುವ ಪಟ್ಟಿಗಿಂತ, ಯಾವ ಹೊತ್ತಿಗೆ ಯಾವ ದಿಕ್ಕಿಗೆ ಹೊರಡಬೇಕು ಅನ್ನೋದು ಮುಖ್ಯ. ಅದೊಂದು ಸರಿಹೋದರೆ ಮೂರು ದಿನದಲ್ಲಿ ಆರಾಮಾಗಿ ಸಾಕಷ್ಟು ನೋಡಬಹುದು. ಅದು ತಪ್ಪಿದರೆ ಇಡೀ ದಿನ ನೂಕುನುಗ್ಗಲಲ್ಲೇ ಕಳೆಯುತ್ತದೆ.

1. ದಿನ ಗೊತ್ತುಮಾಡಿಕೊಳ್ಳಿ

ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಬೆವರಿಳಿಯುವ ಸೆಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಆಗ ಸಮುದ್ರದಂಡೆಯ ರಸ್ತೆ ಮರೀನ್ ಡ್ರೈವ್ ಚೆನ್ನಾಗಿರುತ್ತದೆ ನಿಜ, ಆದರೆ ಜೋರು ಮಳೆಯೂ ಸಮುದ್ರದ ಉಬ್ಬರವೂ ಒಟ್ಟಿಗೆ ಬಂದ ದಿನ ತಗ್ಗಿನ ರಸ್ತೆಗಳಲ್ಲಿ, ಹಳಿಗಳ ಮೇಲೆ ನೀರು ನಿಲ್ಲುತ್ತದೆ. ವಯಸ್ಸಾದವರನ್ನು ಕರೆದುಕೊಂಡು ಮಳೆಗಾಲದಲ್ಲಿ ಬರಬೇಡಿ.

ಕಡಿಮೆಯೆಂದರೆ ಮೂರು ಪೂರ್ತಿ ದಿನ ಇಟ್ಟುಕೊಳ್ಳಿ. ದಿನ ಆರಿಸುವಾಗ ಎರಡು ವಿಷಯ ನೆನಪಿರಲಿ. ಘಾರಾಪುರಿ ಗುಹೆಗಳಿಗೆ, ಅಂದರೆ ಎಲಿಫೆಂಟಾಗೆ, ಸೋಮವಾರ ರಜೆ. ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನವೂ ಸೋಮವಾರ ಮುಚ್ಚಿರುತ್ತದೆ. ಇನ್ನು ಭಾನುವಾರ ಲೋಕಲ್‌ನಲ್ಲಿ ಜನ ಕಡಿಮೆ, ಆದರೆ ಹಳಿ ರಿಪೇರಿಗೆ ಕೆಲವು ಗಂಟೆ ಕೆಲವು ಮಾರ್ಗಗಳಲ್ಲಿ ರೈಲು ನಿಲ್ಲಿಸುತ್ತಾರೆ, ಇಲ್ಲವೇ ಬೇರೆ ಹಳಿಗೆ ತಿರುಗಿಸುತ್ತಾರೆ. ಇದಕ್ಕೆ ಇಲ್ಲಿ ಮೆಗಾ ಬ್ಲಾಕ್ ಅನ್ನುತ್ತಾರೆ. ಹಿಂದಿನ ದಿನವೇ ಸುದ್ದಿಯಲ್ಲಿ ಬರುತ್ತದೆ, ಶನಿವಾರ ರಾತ್ರಿ ಒಮ್ಮೆ ನೋಡಿಕೊಳ್ಳಿ.

2. ನಿಮ್ಮ ರೈಲು ಎಲ್ಲಿಗೆ ಬರುತ್ತದೆ, ನೋಡಿ

'ಮುಂಬೈ' ಅನ್ನುವ ಒಂದೇ ನಿಲ್ದಾಣ ಇಲ್ಲ. ಬೆಂಗಳೂರಿನಿಂದ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ಸಿಎಸ್‌ಎಂಟಿಗೆ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ಗೆ ಹೋಗುತ್ತದೆ. ಮಂಗಳೂರಿನ ಮತ್ಸ್ಯಗಂಧ ಕುರ್ಲಾ ಹತ್ತಿರದ ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ ಬರುತ್ತದೆ, ಇದಕ್ಕೆ ಎಲ್‌ಟಿಟಿ ಅನ್ನುತ್ತಾರೆ. ಹುಬ್ಬಳ್ಳಿ ಕಡೆಯಿಂದ ಬರುವ ಕೆಲವು ರೈಲುಗಳ ಕೊನೆಯ ನಿಲ್ದಾಣ ದಾದರ್. ಟಿಕೆಟ್ ಮೇಲೆ ಯಾವುದಿದೆ ನೋಡಿ, ರೂಮನ್ನು ಅದಕ್ಕೆ ತಕ್ಕಂತೆ ಮಾಡಿ.

ಹೆಸರುಗಳಲ್ಲಿ ಹೊಸಬರು ಎಡವುವ ಜಾಗಗಳು ಕೆಲವಿವೆ. ಛತ್ರಪತಿ ಶಿವಾಜಿ ಮಹಾರಾಜರ ಹೆಸರು ದೊಡ್ಡ ರೈಲು ನಿಲ್ದಾಣಕ್ಕೂ ಇದೆ, ವಿಮಾನ ನಿಲ್ದಾಣಕ್ಕೂ ಇದೆ, ವಸ್ತು ಸಂಗ್ರಹಾಲಯಕ್ಕೂ ಇದೆ. ಟ್ಯಾಕ್ಸಿಯವರಿಗೆ 'ಸಿಎಸ್‌ಟಿ ಸ್ಟೇಷನ್', 'ಏರ್‌ಪೋರ್ಟ್', 'ಮ್ಯೂಸಿಯಂ' ಅಂತ ಬಿಡಿಸಿ ಹೇಳಿ. ಸಿಎಸ್‌ಎಂಟಿಗೆ ಜನ ಈಗಲೂ ಸಿಎಸ್‌ಟಿ ಅನ್ನುತ್ತಾರೆ, ಹಳಬರು ವಿ.ಟಿ. ಅನ್ನುತ್ತಾರೆ, ಎಲ್ಲವೂ ಒಂದೇ. ಮುಂಬೈ ಸೆಂಟ್ರಲ್ ನಿಲ್ದಾಣ ಇರುವುದು ಲೋಕಲ್ ರೈಲಿನ ಸೆಂಟ್ರಲ್ ಲೈನಿನಲ್ಲಲ್ಲ, ವೆಸ್ಟರ್ನ್ ಲೈನಿನಲ್ಲಿ. ಮಾಟುಂಗಾ ಸೆಂಟ್ರಲ್ ಲೈನಿನ ನಿಲ್ದಾಣ, ಮಾಟುಂಗಾ ರೋಡ್ ವೆಸ್ಟರ್ನ್ ಲೈನಿನದು. ಗೆಳೆಯರ ಜೊತೆ 'ಸ್ಟೇಷನ್ ಹತ್ತಿರ ಸಿಗೋಣ' ಅಂತ ಮಾತಾಡಿಕೊಳ್ಳುವ ಮೊದಲು ಇದನ್ನು ಖಚಿತ ಮಾಡಿಕೊಳ್ಳಿ.

3. ರೂಮು ಎಲ್ಲಿ?

ದುಡ್ಡಿಗೆ ತೊಂದರೆ ಇಲ್ಲದಿದ್ದರೆ ಫೋರ್ಟ್, ಕೊಲಾಬಾ ಅಥವಾ ಚರ್ಚ್‌ಗೇಟ್ ಸುತ್ತಮುತ್ತ ಉಳಿಯಿರಿ. ಮೊದಲ ಎರಡು ದಿನ ರೈಲು ಹತ್ತುವ ಅಗತ್ಯವೇ ಬರುವುದಿಲ್ಲ. ಅಲ್ಲಿ ಬಾಡಿಗೆ ಜಾಸ್ತಿ, ರೂಮು ಚಿಕ್ಕದು. ಅದು ಹೊರೆಯಾಗುತ್ತದೆ ಅಂದರೆ ದಾದರ್ ಅಥವಾ ಮಾಟುಂಗಾ ಆರಿಸಿ. ದಾದರ್‌ನಲ್ಲಿ ವೆಸ್ಟರ್ನ್, ಸೆಂಟ್ರಲ್ ಎರಡೂ ಲೈನುಗಳು ಸಿಗುತ್ತವೆ. ಮಾಟುಂಗಾದಲ್ಲಿ ಬೆಳಗ್ಗೆ ಎದ್ದರೆ ಇಡ್ಲಿ, ಫಿಲ್ಟರ್ ಕಾಫಿ ಸಿಗುತ್ತದೆ. ಮನೆಯವರ ಜೊತೆ ಬರುವವರಿಗೆ ನಾನು ಹೇಳೋದು ಮಾಟುಂಗಾವನ್ನೇ.

ಸಾವಿರ ರೂಪಾಯಿ ಉಳಿಯುತ್ತದೆ ಅಂತ ವಸಯಿ, ಕಲ್ಯಾಣ್ ಕಡೆ ರೂಮು ಮಾಡಬೇಡಿ. ದಿನಾ ಎರಡು ಮೂರು ಗಂಟೆ ಓಡಾಟದಲ್ಲೇ ಹೋಗುತ್ತದೆ, ಅದೂ ಅತಿ ಹೆಚ್ಚು ಜನ ಇರುವ ರೈಲುಗಳಲ್ಲಿ. ಸಂಬಂಧಿಕರ ಮನೆ ಅಲ್ಲೇ ಇದ್ದರೆ ಬೆಳಗ್ಗೆ ಏಳು ಗಂಟೆಯೊಳಗೆ ಹೊರಡುವುದನ್ನು ರೂಢಿ ಮಾಡಿಕೊಳ್ಳಿ. ನಿಲ್ದಾಣದ ಹೊರಗೆ 'ರೂಮ್ ಚಾಹಿಯೇ?' ಅಂತ ಹಿಂದೆ ಬೀಳುವವರ ಜೊತೆ ಹೋಗಬೇಡಿ. ಮೊದಲೇ ಬುಕ್ ಮಾಡಿ, ಮನೆಮಂದಿ ಎಲ್ಲರ ಆಧಾರ್ ಕೈಯಲ್ಲಿರಲಿ.

4. ಲೋಕಲ್ ರೈಲು: ಹೆದರಬೇಡಿ, ಆದರೆ ನಿಯಮ ತಿಳಿದುಕೊಳ್ಳಿ

ದೇಶದ ಮೊದಲ ಪ್ರಯಾಣಿಕ ರೈಲು ಓಡಿದ್ದು ಇಲ್ಲೇ, 1853ರ ಏಪ್ರಿಲ್ 16ರಂದು, ಬೋರಿಬಂದರ್‌ನಿಂದ ಥಾಣೆಗೆ. ಇವತ್ತಿಗೂ ಈ ಊರು ನಡೆಯೋದು ಲೋಕಲ್ ಮೇಲೆಯೇ. ಹೊಸಬರು ಹೆದರಿ ಮೂರೂ ದಿನ ಟ್ಯಾಕ್ಸಿಯಲ್ಲೇ ಓಡಾಡಿದರೆ ಜೇಬಿಗೂ ಕತ್ತರಿ, ಸಮಯಕ್ಕೂ ಕತ್ತರಿ. ಹಾಗಂತ ಯಾವ ಹೊತ್ತಿಗೆ ಬೇಕಾದರೂ ಹತ್ತಬಹುದು ಅಂತಲೂ ಅಲ್ಲ.

*ಲೈನುಗಳು.* ವೆಸ್ಟರ್ನ್ ಲೈನ್ ಚರ್ಚ್‌ಗೇಟ್‌ನಿಂದ ಹೊರಟು ದಾದರ್, ಬಾಂದ್ರಾ, ಅಂಧೇರಿ, ಬೊರಿವಲಿ ಮೇಲೆ ವಿರಾರ್ ಕಡೆ ಹೋಗುತ್ತದೆ. ಸೆಂಟ್ರಲ್ ಲೈನ್ ಸಿಎಸ್‌ಎಂಟಿಯಿಂದ ದಾದರ್, ಕುರ್ಲಾ, ಘಾಟ್ಕೋಪರ್, ಥಾಣೆ ಮೇಲೆ ಕಲ್ಯಾಣ್ ಕಡೆ. ಹಾರ್ಬರ್ ಲೈನ್ ಸಿಎಸ್‌ಎಂಟಿಯಿಂದ ಕುರ್ಲಾ, ವಾಶಿ ಮೇಲೆ ಪನ್ವೇಲ್ ಕಡೆ. ಸದ್ಯಕ್ಕೆ ಇಷ್ಟು ಸಾಕು.

*ಸ್ಲೋ, ಫಾಸ್ಟ್.* ಸ್ಲೋ ಲೋಕಲ್ ಎಲ್ಲ ನಿಲ್ದಾಣದಲ್ಲೂ ನಿಲ್ಲುತ್ತದೆ. ಫಾಸ್ಟ್ ದೊಡ್ಡ ನಿಲ್ದಾಣಗಳಲ್ಲಿ ಮಾತ್ರ. ಮಾಟುಂಗಾ, ಮಹಾಲಕ್ಷ್ಮಿಯಲ್ಲಿ ಫಾಸ್ಟ್ ನಿಲ್ಲುವುದಿಲ್ಲ. ತುಂಬಾ ಜನ ತಪ್ಪುವುದು ಇಲ್ಲೇ. ಸರಿಯಾದ ದಿಕ್ಕಿನ ರೈಲೇ ಹತ್ತಿರುತ್ತಾರೆ, ಅದು ಅವರ ನಿಲ್ದಾಣವನ್ನು ದಾಟಿ ಮುಂದೆ ಹೋಗಿಬಿಡುತ್ತದೆ. ಹಾಗಾದರೆ ಗಾಬರಿ ಬೇಡ. ಮುಂದಿನ ನಿಲ್ದಾಣದಲ್ಲಿ ಇಳಿದು ಸ್ಲೋ ಹಿಡಿದು ವಾಪಸ್ ಬನ್ನಿ. ಅವಸರ ಇಲ್ಲದಿದ್ದರೆ ಮೊದಲ ದಿನ ಸ್ಲೋ ಲೋಕಲ್‌ನಲ್ಲೇ ಹೋಗಿ.

*ಇಂಡಿಕೇಟರ್ ಓದುವುದು.* ಪ್ಲಾಟ್‌ಫಾರಂ ಮೇಲೆ ನೇತುಹಾಕಿರುವ ಬೋರ್ಡಿಗೆ ಇಂಡಿಕೇಟರ್ ಅನ್ನುತ್ತಾರೆ. ಅದರಲ್ಲಿ ರೈಲಿನ ಕೊನೆಯ ನಿಲ್ದಾಣ, ಸ್ಲೋನೋ ಫಾಸ್ಟೋ, ಎಷ್ಟು ಡಬ್ಬಿ, ಎಷ್ಟು ನಿಮಿಷದಲ್ಲಿ ಬರುತ್ತದೆ ಅನ್ನೋದು ಇರುತ್ತದೆ. ನೀವು ಹೋಗುವ ಊರಿನ ಹೆಸರು ಅಲ್ಲಿ ಕಾಣದಿದ್ದರೂ ಪರವಾಗಿಲ್ಲ, ಕೊನೆಯ ನಿಲ್ದಾಣ ನಿಮ್ಮ ಊರಿನ ಆಚೆ ಇದ್ದರೆ ಸಾಕು. ಉದಾಹರಣೆಗೆ ಸಿಎಸ್‌ಎಂಟಿಯಿಂದ ಮಾಟುಂಗಾಗೆ ಹೋಗಬೇಕಾದರೆ ಥಾಣೆ ಸ್ಲೋ ಆದರೂ ಸರಿ, ಕಲ್ಯಾಣ್ ಸ್ಲೋ ಆದರೂ ಸರಿ. ಅನುಮಾನ ಬಂದರೆ ಪಕ್ಕದವರನ್ನು ಕೇಳಿ. ಮುಂಬೈನವರು ಎಷ್ಟೇ ಅವಸರದಲ್ಲಿದ್ದರೂ ರೈಲಿನ ವಿಷಯ ಕೇಳಿದರೆ ನಿಂತು ಹೇಳುತ್ತಾರೆ.

*ಟಿಕೆಟ್.* ಸೆಕೆಂಡ್ ಕ್ಲಾಸಿಗೆ ಮೊದಲ 10 ಕಿಲೋಮೀಟರಿಗೆ 5 ರೂಪಾಯಿ. ಫಸ್ಟ್ ಕ್ಲಾಸ್ ಅದರ ಎಷ್ಟೋ ಪಟ್ಟು. ಎಸಿ ಲೋಕಲ್‌ಗೆ ಬೇರೆಯೇ ಟಿಕೆಟ್ ಬೇಕು. ಕೌಂಟರ್‌ನಲ್ಲಿ, ನಿಲ್ದಾಣದ ಮಷೀನಿನಲ್ಲಿ, ಇಲ್ಲವೇ ರೈಲ್ವೆಯವರ ರೈಲ್‌ವನ್ ಆ್ಯಪ್‌ನಲ್ಲಿ ತೆಗೆದುಕೊಳ್ಳಬಹುದು. ಆ್ಯಪ್‌ನಲ್ಲಾದರೆ ನಿಲ್ದಾಣದ ಒಳಗೆ ಕಾಲಿಡುವ ಮೊದಲೇ ತೆಗೆದುಕೊಳ್ಳಿ, ಪ್ಲಾಟ್‌ಫಾರಂ ಮೇಲೆ ನಿಂತು ಮಾಡಲು ಹೋದರೆ ಆಗುವುದಿಲ್ಲ. ದಿನವಿಡೀ ಓಡಾಡುವವರಿಗೆ ಒಂದು, ಮೂರು, ಐದು ದಿನಗಳ ಟೂರಿಸ್ಟ್ ಟಿಕೆಟ್ ಕೂಡ ಕೌಂಟರ್‌ನಲ್ಲಿ ಸಿಗುತ್ತದೆ.

ಸೆಕೆಂಡ್ ಕ್ಲಾಸ್ ಟಿಕೆಟ್ ಇಟ್ಟುಕೊಂಡು ಫಸ್ಟ್ ಕ್ಲಾಸ್ ಡಬ್ಬಿ ಹತ್ತಿದರೆ ದಂಡ. ಎರಡೂ ಡಬ್ಬಿ ಒಂದೇ ರೈಲಿನಲ್ಲಿ ಅಕ್ಕಪಕ್ಕ ಇರುತ್ತವೆ, ಹೊಸಬರಿಗೆ ಗೊತ್ತಾಗುವುದಿಲ್ಲ. ಬಾಗಿಲ ಪಕ್ಕ ಬರೆದಿರುವುದನ್ನು ನೋಡಿ ಹತ್ತಿ. ಹೆಂಗಸರ ಡಬ್ಬಿಗೆ, ಅಂಗವಿಕಲರ ಡಬ್ಬಿಗೆ ಗಂಡಸರು ಅಪ್ಪಿತಪ್ಪಿಯೂ ಹತ್ತಬಾರದು. ಹೆಂಗಸರ ಡಬ್ಬಿಯ ಹೊರಗೆ ಮಹಿಳೆಯ ಚಿತ್ರ ಇರುತ್ತದೆ.

*ಹೊತ್ತು.* ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ ದಕ್ಷಿಣಕ್ಕೆ ಹೋಗುವ ರೈಲು ಬೇಡ. ಸಂಜೆ ಐದೂವರೆಯಿಂದ ಎಂಟೂವರೆವರೆಗೆ ಉತ್ತರಕ್ಕೆ ಹೋಗುವ ರೈಲು ಬೇಡ. ಇದನ್ನು ಕಟ್ಟುನಿಟ್ಟಾಗಿ ಪಾಲಿಸಿ. ಬೆಳಗ್ಗೆ ಏಳಕ್ಕೆ ಹೊರಡಿ, ಸಂಜೆ ಮರೀನ್ ಡ್ರೈವ್‌ನಲ್ಲಿ ಕೂತು ಒಂಬತ್ತಕ್ಕೆ ವಾಪಸ್ ಹೊರಡಿ. ಎದುರು ದಿಕ್ಕಿಗೆ ಹೋಗುವ ರೈಲಿನಲ್ಲಿ ಅದೇ ಹೊತ್ತಿಗೆ ಎಷ್ಟೋ ಸಲ ಕೂರಲು ಜಾಗ ಸಿಗುತ್ತದೆ.

*ಹತ್ತುವುದು, ಇಳಿಯುವುದು.* ನಡುವಿನ ನಿಲ್ದಾಣಗಳಲ್ಲಿ ರೈಲು ನಿಲ್ಲುವುದು ಅರ್ಧ ನಿಮಿಷಕ್ಕೂ ಕಡಿಮೆ. ಬಾಗಿಲಿಗೆ ನೇರ ಎದುರು ನಿಲ್ಲಬೇಡಿ, ಪಕ್ಕದಲ್ಲಿ ನಿಲ್ಲಿ. ಒಳಗಿನವರು ಗುಂಪಾಗಿ ಇಳಿಯುತ್ತಾರೆ, ಅವರಿಗೆ ಜಾಗ ಬಿಟ್ಟು ಆಮೇಲೆ ಹತ್ತಿ. ಬ್ಯಾಗು ಬೆನ್ನಿಗೆ ಬೇಡ, ಎದೆಯ ಮುಂದೆ ಹಾಕಿಕೊಳ್ಳಿ. ಮೊಬೈಲು, ಪರ್ಸು ಅದರೊಳಗೆ. ಹತ್ತಿದ ಮೇಲೆ ಬಾಗಿಲಲ್ಲಿ ನಿಲ್ಲದೆ ಒಳಗೆ ಸರಿಯಿರಿ. ನಿಮ್ಮ ನಿಲ್ದಾಣಕ್ಕೆ ಒಂದು ನಿಲ್ದಾಣ ಮೊದಲೇ ಎದ್ದು ಬಾಗಿಲ ಕಡೆ ಬನ್ನಿ. ಮುಂದೆ ನಿಂತವರನ್ನು 'ದಾದರ್ ಉತರ್ನಾ ಹೈ ಕ್ಯಾ?' ಅಂತ ಕೇಳಿ. ಹೌದು ಅಂದರೆ ಅವರ ಹಿಂದೆಯೇ ನಿಲ್ಲಿ, ಇಲ್ಲ ಅಂದರೆ ಅವರೇ ಜಾಗ ಬಿಡುತ್ತಾರೆ. ಪ್ಲಾಟ್‌ಫಾರಂ ಯಾವ ಬದಿಗೆ ಬರುತ್ತದೆ ಅನ್ನೋದನ್ನೂ ಅವರನ್ನೇ ಕೇಳಿಬಿಡಿ.

ಚರ್ಚ್‌ಗೇಟ್, ಸಿಎಸ್‌ಎಂಟಿಯಲ್ಲಿ ರೈಲು ಪೂರ್ತಿ ನಿಲ್ಲುವ ಮೊದಲೇ ಜನ ಹಾರಿ ಸೀಟು ಹಿಡಿಯುವುದನ್ನು ನೋಡುತ್ತೀರಿ. ಅವರನ್ನು ನೋಡಿ ನೀವು ಹಾಗೆ ಮಾಡಬೇಡಿ. ಹಳಿ ದಾಟಲೂಬೇಡಿ, ಮೇಲ್ಸೇತುವೆ ಎಷ್ಟು ದೂರ ಇದ್ದರೂ ಅದರ ಮೇಲೆಯೇ ಹೋಗಿ. ಹಳಿ ದಾಟಲು ಹೋಗಿ, ಬಾಗಿಲಿಂದ ಬಿದ್ದು ಈ ಊರಿನಲ್ಲಿ ಪ್ರತಿ ವರ್ಷ ಬಹಳ ಜನ ಪ್ರಾಣ ಕಳೆದುಕೊಳ್ಳುತ್ತಾರೆ. ಒಂದು ರೈಲು ತಪ್ಪಿದರೆ ಕೆಲವೇ ನಿಮಿಷಕ್ಕೆ ಇನ್ನೊಂದು ಬರುತ್ತದೆ. ಮನೆಯವರೆಲ್ಲ ಹತ್ತಲು ಆಗದೆ ಒಬ್ಬರು ಕೆಳಗೇ ಉಳಿದರೆ ಏನು ಮಾಡೋದು ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ. ಹತ್ತಿದವರು ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲೇ ನಿಲ್ಲಬೇಕು, ಉಳಿದವರು ಹಿಂದೆ ಬರುವ ರೈಲು ಹತ್ತಿ ಬರಬೇಕು. ಮಕ್ಕಳಿಗೂ ಇದನ್ನು ಹೇಳಿಕೊಡಿ.

*ಈಸ್ಟ್, ವೆಸ್ಟ್.* ಹೆಚ್ಚಿನ ನಿಲ್ದಾಣಗಳಿಗೆ ಪೂರ್ವ, ಪಶ್ಚಿಮ ಅಂತ ಎರಡು ಬದಿ ಇವೆ. ನಿಮ್ಮ ಹೋಟೆಲು ದಾದರ್ ಈಸ್ಟೋ ವೆಸ್ಟೋ ತಿಳಿದುಕೊಂಡೇ ಹೊರಗೆ ಬನ್ನಿ. ತಪ್ಪು ಬದಿಯಲ್ಲಿ ಇಳಿದುಬಿಟ್ಟರೆ ಮತ್ತೆ ಮೆಟ್ಟಿಲು ಹತ್ತಿ ಜನರ ನಡುವೆ ಆಚೆ ಬದಿಗೆ ಹೋಗಬೇಕು.

5. ಮೆಟ್ರೊ, ಬಸ್ಸು, ಟ್ಯಾಕ್ಸಿ

ಲೋಕಲ್ ಬೇಡವೇ ಬೇಡ ಅನ್ನುವವರಿಗೆ ಈಗ ಒಳ್ಳೆಯ ದಾರಿ ಇದೆ. ನೆಲದಡಿಯ ಮೂರನೇ ಮೆಟ್ರೊ ಮಾರ್ಗ, ಅಕ್ವಾ ಲೈನ್, 2025ರ ಅಕ್ಟೋಬರ್‌ನಿಂದ ಆರೆಯಿಂದ ಕಫ್ ಪರೇಡ್‌ವರೆಗೆ ಪೂರ್ತಿ ಓಡುತ್ತಿದೆ. ವಿಮಾನ ನಿಲ್ದಾಣದ ಎರಡೂ ಟರ್ಮಿನಲ್, ದಾದರ್, ಸಿದ್ಧಿವಿನಾಯಕ, ಮಹಾಲಕ್ಷ್ಮಿ, ಸಿಎಸ್‌ಎಂಟಿ, ಹುತಾತ್ಮಾ ಚೌಕ್, ಚರ್ಚ್‌ಗೇಟ್ ಎಲ್ಲವೂ ಈ ಒಂದೇ ಮಾರ್ಗದಲ್ಲಿ ಬರುತ್ತವೆ. ಲಿಫ್ಟ್ ಇದೆ, ಎಸಿ ಇದೆ. ವಯಸ್ಸಾದವರು ಜೊತೆಗಿದ್ದರೆ ಮೊದಲ ಆಯ್ಕೆ ಇದೇ ಆಗಲಿ.

ಕೆಂಪು ಬಸ್ಸುಗಳು ಬೆಸ್ಟ್ ಅನ್ನುವ ನಗರ ಸಾರಿಗೆ ಸಂಸ್ಥೆಯವು. ಕಡಿಮೆ ದೂರಕ್ಕೆ ಚೆನ್ನ. ನಂಬರು ಮರಾಠಿ ಅಂಕಿಯಲ್ಲಿ ಇದ್ದರೆ ತಬ್ಬಿಬ್ಬಾಗಬೇಡಿ, ಇಂಗ್ಲಿಷಿನಲ್ಲೂ ಬರೆದಿರುತ್ತಾರೆ. ದಕ್ಷಿಣ ಮುಂಬೈನಲ್ಲಿ ಎಸಿ ಡಬಲ್ ಡೆಕ್ಕರ್ ಬಸ್ಸುಗಳಿವೆ. ಮಕ್ಕಳಿದ್ದರೆ ಮೇಲಿನ ಮಹಡಿಯ ಮುಂದಿನ ಸೀಟಿನಲ್ಲಿ ಕೂರಿಸಿ.

ಕಪ್ಪು ಹಳದಿ ಟ್ಯಾಕ್ಸಿ ಮೀಟರ್ ಮೇಲೆ ಓಡುತ್ತದೆ. 2025ರ ಫೆಬ್ರವರಿಯಿಂದ ಮೊದಲ ಒಂದೂವರೆ ಕಿಲೋಮೀಟರಿಗೆ ಟ್ಯಾಕ್ಸಿಗೆ 31 ರೂಪಾಯಿ, ಆಟೊಗೆ 26. ಮಧ್ಯರಾತ್ರಿಯಿಂದ ಬೆಳಗ್ಗೆ ಐದರವರೆಗೆ ಕಾಲು ಭಾಗ ಜಾಸ್ತಿ. ಬಾಂದ್ರಾ, ಸಯನ್ ದಾಟಿ ದಕ್ಷಿಣಕ್ಕೆ ಆಟೊ ಬರುವ ಹಾಗಿಲ್ಲ. ಕೊಲಾಬಾದಲ್ಲಿ ನಿಂತು ಆಟೊ ಹುಡುಕಬೇಡಿ. ಮೀಟರ್ ಹಾಕಲ್ಲ ಅಂದರೆ ಸುಮ್ನೆ ಮುಂದಿನ ಟ್ಯಾಕ್ಸಿಗೆ ಹೋಗಿ, ವಾದ ಬೇಡ. ದೊಡ್ಡ ನಿಲ್ದಾಣಗಳ ಬಾಗಿಲಲ್ಲೇ ನಿಂತವರು ಬಾಯಿಗೆ ಬಂದಷ್ಟು ಕೇಳುತ್ತಾರೆ. ಪ್ರೀಪೇಯ್ಡ್ ಕೌಂಟರ್ ಇದ್ದರೆ ಅಲ್ಲಿಂದ ಹೋಗಿ, ಇಲ್ಲವೇ ಸ್ವಲ್ಪ ಮುಂದೆ ನಡೆದು ಓಡುತ್ತಿರುವ ಟ್ಯಾಕ್ಸಿಗೆ ಕೈ ತೋರಿಸಿ.

6. ಮೊದಲ ದಿನ: ಸಿಎಸ್‌ಎಂಟಿಯಿಂದ ಮರೀನ್ ಡ್ರೈವ್‌ಗೆ, ನಡೆದುಕೊಂಡು

ಮೊದಲ ದಿನ ದಯವಿಟ್ಟು ಕಾರು ಮಾಡಬೇಡಿ. ಟ್ಯಾಕ್ಸಿಯ ಕಿಟಕಿಯಿಂದ ಇಲ್ಲಿಯ ಕಟ್ಟಡಗಳ ಕೆಳಗಿನ ಅಂಗಡಿ ಮಾತ್ರ ಕಾಣುತ್ತದೆ. ನೋಡಬೇಕಾದ್ದೆಲ್ಲ ಮೇಲಿದೆ.

ಸಿಎಸ್‌ಎಂಟಿ ನಿಲ್ದಾಣದಿಂದ ಶುರು ಮಾಡಿ. ಹತ್ತು ವರ್ಷ ಕಟ್ಟಿ 1888ರಲ್ಲಿ ಮುಗಿಸಿದ ಕಟ್ಟಡ ಇದು, ವಾಸ್ತುಶಿಲ್ಪಿ ಫ್ರೆಡರಿಕ್ ವಿಲಿಯಂ ಸ್ಟೀವನ್ಸ್. 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸಬ್‌ವೇಯಲ್ಲಿ ರಸ್ತೆ ದಾಟಿ ಎದುರಿನ ಮಹಾನಗರಪಾಲಿಕೆ ಕಟ್ಟಡದ ಮೂಲೆಗೆ ಬಂದು ತಿರುಗಿ ನೋಡಿ. ಗೇಟಿನ ಕಂಬಗಳ ಮೇಲೆ ಒಂದು ಕಡೆ ಸಿಂಹ, ಇನ್ನೊಂದು ಕಡೆ ಹುಲಿ ಕೂತಿವೆ. ಸಿಂಹ ಬ್ರಿಟನ್ನಿಗೆ, ಹುಲಿ ಭಾರತಕ್ಕೆ. ಗೋಡೆಯ ಕಲ್ಲಿನಲ್ಲಿ ನವಿಲು, ಎಲೆ, ಬಳ್ಳಿ ಹುಡುಕಿ. ಮಕ್ಕಳಿಗೆ 'ಎಷ್ಟು ಪ್ರಾಣಿ ಸಿಗುತ್ತೆ ಎಣಿಸಿ' ಅಂತ ಹೇಳಿದರೆ ಅವರು ಅಲ್ಲಿಂದ ಕದಲುವುದಿಲ್ಲ.

ಅಲ್ಲಿಂದ ದಾದಾಭಾಯಿ ನವರೋಜಿ ರಸ್ತೆಯಲ್ಲಿ ಕಮಾನುಗಳ ನೆರಳಲ್ಲಿ ನೇರ ದಕ್ಷಿಣಕ್ಕೆ ನಡೆದರೆ ಹುತಾತ್ಮಾ ಚೌಕ್ ಸಿಗುತ್ತದೆ. 1864ರ ಫ್ಲೋರಾ ಫೌಂಟನ್ ಕಾರಂಜಿಯೂ, ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಪ್ರಾಣ ಕೊಟ್ಟವರ ಸ್ಮಾರಕವೂ ಇಲ್ಲಿವೆ. ಇನ್ನೂ ಮುಂದೆ ಕಾಲಾ ಘೋಡಾ. ಅಲ್ಲಿನ ವಸ್ತು ಸಂಗ್ರಹಾಲಯಕ್ಕೆ ಕನಿಷ್ಠ ಎರಡು ಗಂಟೆ ಕೊಡಿ. ಬೆಳಗ್ಗೆ 10.15ಕ್ಕೆ ತೆರೆಯುತ್ತದೆ. ಪಕ್ಕದ ಜಹಾಂಗೀರ್ ಆರ್ಟ್ ಗ್ಯಾಲರಿಗೆ ಟಿಕೆಟ್ ಇಲ್ಲ, ಚಿತ್ರಕಲೆ ಇಷ್ಟವಿದ್ದರೆ ಒಳಗೆ ಹೋಗಿ ಬನ್ನಿ.

ಮಧ್ಯಾಹ್ನ ಇಳಿದ ಮೇಲೆ ಓವಲ್ ಮೈದಾನಕ್ಕೆ ನಡೆಯಿರಿ. ಈ ಜಾಗವನ್ನು ತುಂಬಾ ಜನ ನೋಡದೇ ಹೋಗುತ್ತಾರೆ, ನನಗೆ ಅದು ಬೇಜಾರಿನ ವಿಷಯ. ಮೈದಾನದ ನಡುವಿನ ಕಾಲುದಾರಿಯಲ್ಲಿ ನಿಂತುಕೊಳ್ಳಿ. ಪೂರ್ವಕ್ಕೆ ಹೈಕೋರ್ಟು, ವಿಶ್ವವಿದ್ಯಾಲಯ, 1878ರ ರಾಜಾಬಾಯಿ ಗಡಿಯಾರ ಗೋಪುರ. ಎಲ್ಲವೂ ಚೂಪು ಕಮಾನಿನ ಗೋಥಿಕ್ ಶೈಲಿಯ ಕಲ್ಲಿನ ಕಟ್ಟಡಗಳು. ಪಶ್ಚಿಮಕ್ಕೆ ತಿರುಗಿದರೆ ದುಂಡು ಮೂಲೆಯ ಬಾಲ್ಕನಿಗಳು, ತೆಳು ಬಣ್ಣ, ಗೆರೆ ಎಳೆದ ಹಾಗೆ ಉದ್ದುದ್ದ ಚಜ್ಜಾಗಳು. ಅವು 1930ರ ದಶಕದ ಆಸುಪಾಸಿನ ಆರ್ಟ್ ಡೆಕೊ ಮನೆಗಳು. ಎರಡು ಕಾಲದ ಮುಂಬೈ ಎದುರುಬದುರು ನಿಂತಿವೆ, ಮಧ್ಯೆ ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ. ಈ ಇಡೀ ಸಮೂಹ 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಚೆಂಡು ಬಂದೀತು, ಒಂದು ಕಣ್ಣು ಆ ಕಡೆಯೂ ಇರಲಿ.

ಅಲ್ಲಿಂದ ಚರ್ಚ್‌ಗೇಟ್ ದಾಟಿದರೆ ಮರೀನ್ ಡ್ರೈವ್. ಸೂರ್ಯ ಮುಳುಗುವ ಮುಕ್ಕಾಲು ಗಂಟೆ ಮೊದಲು ತಲುಪಿ, ಕಟ್ಟೆಯ ಮೇಲೆ ಜಾಗ ಹಿಡಿಯಿರಿ. ಕೆಳಗಿನ ಕಾಂಕ್ರೀಟ್ ಬಂಡೆಗಳ ಮೇಲೆ ಇಳಿಯಬೇಡಿ, ಪಾಚಿ ಇರುತ್ತದೆ, ಅಲೆ ಹೇಳಿ ಬರುವುದಿಲ್ಲ. ಕತ್ತಲಾದ ಮೇಲೆ ಉತ್ತರಕ್ಕೆ ನಡೆದರೆ ಗಿರಗಾಂವ್ ಚೌಪಾಟಿ, ಅಲ್ಲಿ ಭೇಲ್‌ಪುರಿ.

7. ಎರಡನೇ ದಿನ: ಗೇಟ್‌ವೇ, ಘಾರಾಪುರಿ

ಗೇಟ್‌ವೇ ಆಫ್ ಇಂಡಿಯಾಗೆ ಎಂಟೂವರೆಯೊಳಗೆ ಬನ್ನಿ. ಜನ ತುಂಬುವ ಮೊದಲು ಕಮಾನನ್ನು ನೋಡಿ ಮುಗಿಸಿ. ರಾಜ ಐದನೇ ಜಾರ್ಜ್ 1911ರಲ್ಲಿ ಇಲ್ಲಿ ಬಂದಿಳಿದ ನೆನಪಿಗೆ ಕಟ್ಟಿದ್ದು, ಮುಗಿದದ್ದು 1924ರಲ್ಲಿ. ಸ್ವಾತಂತ್ರ್ಯ ಬಂದ ಮೇಲೆ, 1948ರ ಫೆಬ್ರವರಿಯಲ್ಲಿ, ಬ್ರಿಟಿಷರ ಕೊನೆಯ ಸೈನಿಕ ತುಕಡಿ ಇದೇ ಕಮಾನಿನ ಕೆಳಗಿಂದ ಹೊರಟುಹೋಯಿತು. ಫೋಟೊ ತೆಗೆದು ಅಲ್ಲೇ ಪ್ರಿಂಟ್ ಕೊಡುವವರು ಸುತ್ತುವರಿಯುತ್ತಾರೆ. ಬೇಕಿದ್ದರೆ ಒಂದು ಪ್ರತಿಗೆ ಎಷ್ಟು, ಒಟ್ಟು ಎಷ್ಟು ಪ್ರತಿ ಅನ್ನೋದನ್ನು ಮೊದಲೇ ಮಾತಾಡಿ.

ಘಾರಾಪುರಿ ಒಂದು ದ್ವೀಪ, ಅಲ್ಲಿಗೆ ಹೋಗುವ ದೋಣಿಗಳು ಇಲ್ಲಿಂದ ಒಂಬತ್ತರ ಹೊತ್ತಿಗೆ ಶುರುವಾಗುತ್ತವೆ. ಅಧಿಕೃತ ಕೌಂಟರ್‌ನಲ್ಲಿ ಹೋಗಿಬರುವ ಟಿಕೆಟ್ ಒಟ್ಟಿಗೇ ಕೊಡುತ್ತಾರೆ, ಅದು ಸಂಜೆವರೆಗೂ ಬೇಕು, ಜೋಪಾನ. ಮೇಲಿನ ಡೆಕ್‌ನಲ್ಲಿ ಕೂರಲು ದೋಣಿಯಲ್ಲೇ ಸ್ವಲ್ಪ ಹೆಚ್ಚು ದುಡ್ಡು ಕೇಳುತ್ತಾರೆ. ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ, ಸೆಕೆ ಅಂತ ಬಿಚ್ಚಿಡಬೇಡಿ. 2024ರ ಡಿಸೆಂಬರ್‌ನಲ್ಲಿ ಇದೇ ದಾರಿಯ ದೋಣಿಯೊಂದು ಅಪಘಾತವಾಗಿ ಜನ ಸತ್ತಿದ್ದಾರೆ. ದೋಣಿ ತುಂಬಿ ತುಳುಕುತ್ತಿದೆ ಅನ್ನಿಸಿದರೆ ಮುಂದಿನದಕ್ಕೆ ಕಾಯಿರಿ. ಮಳೆಗಾಲದಲ್ಲಿ ಸಮುದ್ರ ಕೆಟ್ಟರೆ ದೋಣಿ ನಿಲ್ಲಿಸಿಬಿಡುತ್ತಾರೆ.

ಸುಮಾರು ಒಂದು ಗಂಟೆ ಪ್ರಯಾಣ. ಇಳಿದ ಮೇಲೆ ಪುಟಾಣಿ ರೈಲು ಇದೆ, ನಡೆದರೂ ದೂರವಿಲ್ಲ. ಆಮೇಲೆ ನೂರಕ್ಕೂ ಹೆಚ್ಚು ಮೆಟ್ಟಿಲು, ಎರಡೂ ಕಡೆ ಅಂಗಡಿ. ಕೊಳ್ಳುವುದಿದ್ದರೆ ಇಳಿಯುವಾಗ ಕೊಳ್ಳಿ. ಕೈಯಲ್ಲಿ ತಿಂಡಿ ಹಿಡಿದು ಹತ್ತಬೇಡಿ, ಕೋತಿಗಳು ಕಿತ್ತುಕೊಳ್ಳುತ್ತವೆ, ನೀರಿನ ಬಾಟಲಿಯನ್ನೂ ಬಿಡುವುದಿಲ್ಲ. ಗುಹೆಯ ಟಿಕೆಟ್ ಭಾರತೀಯರಿಗೆ 40 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ.

ದೊಡ್ಡ ಗುಹೆಗೆ ಕಾಲಿಟ್ಟ ಕೂಡಲೇ ಮೊಬೈಲು ತೆಗೆಯಬೇಡಿ. ಹೊರಗಿನ ಬಿಸಿಲಿಂದ ಬಂದ ಕಣ್ಣಿಗೆ ಒಳಗೆ ಏನೂ ಕಾಣುವುದಿಲ್ಲ. ಎರಡು ನಿಮಿಷ ಕಂಬಕ್ಕೆ ಒರಗದೆ ಸುಮ್ಮನೆ ನಿಲ್ಲಿ. ನಿಧಾನವಾಗಿ ಎದುರಿನ ಗೋಡೆಯಲ್ಲಿ ಸದಾಶಿವ ಮೂಡುತ್ತಾನೆ, ಎಲ್ಲರೂ ತ್ರಿಮೂರ್ತಿ ಅನ್ನುವ ಶಿಲ್ಪ. ಮೂರು ಆಳೆತ್ತರ. ಮೂರೂ ಮುಖ ಶಿವನದೇ. ನಿಮ್ಮ ಎಡಕ್ಕೆ ಇರುವುದು ಅಘೋರ, ಮೀಸೆ, ಸಿಡುಕಿನ ಹುಬ್ಬು, ಕೈಯಲ್ಲಿ ಹಾವು. ಬಲಕ್ಕೆ ವಾಮದೇವ, ಹೆಣ್ಣಿನ ಮೃದು ಮುಖ, ಕೈಯಲ್ಲಿ ತಾವರೆ. ನಡುವಿನ ಮುಖದ ಕಣ್ಣು ಮುಚ್ಚಿದೆ, ಕೆಳದುಟಿ ತುಸು ದಪ್ಪ. ಎಡದಿಂದ ಬಲಕ್ಕೆ ನಿಧಾನವಾಗಿ ನಡೆಯುತ್ತಾ ನೋಡಿದರೆ ಒಂದು ಮುಖ ಮರೆಯಾಗಿ ಇನ್ನೊಂದು ಎದುರಾಗುತ್ತದೆ. ಎರಡು ಪಕ್ಕದಲ್ಲಿ ಅರ್ಧನಾರೀಶ್ವರ, ಗಂಗಾಧರ. ಬಾದಾಮಿಯ ಗುಹೆಗಳನ್ನು ನೋಡಿದ್ದರೆ ಹೋಲಿಕೆ ತಾನಾಗಿ ಕಣ್ಣಿಗೆ ಬೀಳುತ್ತದೆ, ಎರಡೂ 6ನೇ ಶತಮಾನದ ಕೆಲಸ. 634ರ ಐಹೊಳೆ ಶಾಸನದಲ್ಲಿ ಇಮ್ಮಡಿ ಪುಲಕೇಶಿ ಹಡಗುಗಳಲ್ಲಿ ಹೋಗಿ 'ಪುರಿ'ಯನ್ನು ಗೆದ್ದ ಮಾತಿದೆ. ಆ ಪುರಿ ಈ ಘಾರಾಪುರಿಯೇ ಅನ್ನುವ ವಿದ್ವಾಂಸರೂ ಇದ್ದಾರೆ.

ಕೊನೆಯ ದೋಣಿಗೆ ಕಾಯಬೇಡಿ. ಮಧ್ಯಾಹ್ನ ಎರಡು ಮೂರರ ಹೊತ್ತಿಗೆ ವಾಪಸ್ ಹೊರಟರೆ ಕೊಲಾಬಾ ಕಾಸ್‌ವೇಯ ಅಂಗಡಿ ಬೀದಿಯಲ್ಲಿ ಸುತ್ತಾಡಲು ಸಮಯ ಸಿಗುತ್ತದೆ. ಅಲ್ಲಿ ಚೌಕಾಸಿ ಮಾಡದೆ ಏನನ್ನೂ ಕೊಳ್ಳಬೇಡಿ.

8. ಮೂರನೇ ದಿನ: ಎರಡರಲ್ಲಿ ಒಂದು

ಎರಡನ್ನೂ ಮಾಡಲು ಹೋಗಬೇಡಿ, ಯಾವುದೂ ಆಗುವುದಿಲ್ಲ.

ಒಂದು ದಾರಿ ಮಹಾಲಕ್ಷ್ಮಿ ಕಡೆಗೆ. ಬೆಳಗ್ಗೆ ಮಹಾಲಕ್ಷ್ಮಿ ನಿಲ್ದಾಣದಲ್ಲಿ ಇಳಿದರೆ ಸೇತುವೆ ಮೇಲಿಂದ ಧೋಬಿ ಘಾಟ್ ಕಾಣುತ್ತದೆ, ಸಾಲು ಸಾಲು ಕಲ್ಲಿನ ತೊಟ್ಟಿ, ಹಗ್ಗದ ತುಂಬಾ ಬಟ್ಟೆ. ಅದು ಜನ ದುಡಿಯುವ ಜಾಗ, ಕೇಳದೆ ಯಾರ ಮುಖಕ್ಕೂ ಕ್ಯಾಮೆರಾ ಹಿಡಿಯಬೇಡಿ. ಟ್ಯಾಕ್ಸಿಯಲ್ಲಿ ಮಹಾಲಕ್ಷ್ಮಿ ದೇವಸ್ಥಾನ, ಹಾಜಿ ಅಲಿ ದರ್ಗಾ. ದರ್ಗಾಕ್ಕೆ ಹೋಗುವ ದಾರಿ ಸಮುದ್ರದ ಉಬ್ಬರಕ್ಕೆ ಮುಳುಗುತ್ತದೆ. ಆ ದಿನದ ಉಬ್ಬರದ ಹೊತ್ತನ್ನು ಮೊಬೈಲಿನಲ್ಲಿ ನೋಡಿಕೊಂಡೇ ಹೊರಡಿ. ಆಮೇಲೆ ಗಾಮದೇವಿಯ ಮಣಿ ಭವನ. 1917ರಿಂದ 1934ರವರೆಗೆ ಗಾಂಧೀಜಿ ಮುಂಬೈಗೆ ಬಂದಾಗ ಉಳಿಯುತ್ತಿದ್ದ ಮನೆ ಇದು. ಅವರ ಕೋಣೆ, ಚರಕ ಹಾಗೇ ಇಟ್ಟಿದ್ದಾರೆ. ಸಿದ್ಧಿವಿನಾಯಕನ ದರ್ಶನ ಬೇಕಿದ್ದರೆ ಮಂಗಳವಾರ ಬಿಟ್ಟು ಬೇರೆ ದಿನ ಹೋಗಿ, ಮಂಗಳವಾರದ ಸಾಲು ಬಹಳ ಉದ್ದ.

ಇನ್ನೊಂದು ದಾರಿ ಉತ್ತರಕ್ಕೆ, ಬೊರಿವಲಿಯ ಕಾಡಿಗೆ. ಬೆಳಗ್ಗೆ ಈ ದಿಕ್ಕಿಗೆ ರೈಲಿನಲ್ಲಿ ಜನ ಕಡಿಮೆ. ರಾಷ್ಟ್ರೀಯ ಉದ್ಯಾನದೊಳಗೆ ಕಾನ್ಹೇರಿ ಬೌದ್ಧ ಗುಹೆಗಳಿವೆ, ನೂರಕ್ಕೂ ಹೆಚ್ಚು. ಗೇಟಿನಿಂದ ಗುಹೆಗಳು ಕೆಲವು ಕಿಲೋಮೀಟರ್ ದೂರ, ಉದ್ಯಾನದ ಬಸ್ಸು ಹಿಡಿಯಿರಿ. ನಡೆಯುವ ಶಕ್ತಿ ಇರುವವರಿಗೆ, ಊರಿನ ಗದ್ದಲ ಸಾಕಾದವರಿಗೆ ಇದೇ ಸರಿ.

9. ಊಟ

ವಡಾಪಾವ್ ಜನ ಸೇರಿರುವ ಗಾಡಿಯಲ್ಲೇ ತಿನ್ನಿ, ಅಲ್ಲಿ ವಡೆ ಬಾಣಲೆಯಿಂದ ನೇರ ಪಾವಿಗೆ ಬರುತ್ತದೆ. ಇರಾನಿ ಹೋಟೆಲಿನಲ್ಲಿ ಬನ್ ಮಸ್ಕಾ, ಚಹಾ. ರಸ್ತೆ ಬದಿಯ ನೀರು, ಐಸ್ ಹಾಕಿದ ಶರಬತ್ತು ಬೇಡ.

ನಮ್ಮ ಊಟ ಬೇಕು ಅನ್ನಿಸಿದರೆ ಮಾಟುಂಗಾ. ಉಡುಪಿ ಕಡೆಯಿಂದ ಬಂದವರು ಕಟ್ಟಿದ ಹೋಟೆಲುಗಳು ಇಲ್ಲಿ ದಶಕಗಳಿಂದ ಇವೆ. ಸ್ಟೇಷನ್ ಎದುರಿನ ರಾಮ ನಾಯಕರ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್ 1942ರದ್ದು, ಬಾಳೆಲೆ ಊಟಕ್ಕೆ ಹೆಸರುವಾಸಿ. ರಜೆಯ ದಿನ ಕಾಯಬೇಕಾಗುತ್ತದೆ, ಹನ್ನೆರಡಕ್ಕೆ ಮೊದಲು ಹೋಗಿ. ಹತ್ತಿರದ ಭಾವುದಾಜಿ ರಸ್ತೆಯಲ್ಲಿ 1926ರಲ್ಲಿ ಶುರುವಾದ ಕನ್ನಡಿಗರ ಸಂಘ, ಮೈಸೂರು ಅಸೋಸಿಯೇಷನ್ ಇದೆ. ನೀವು ಬಂದ ವಾರ ಅಲ್ಲಿ ನಾಟಕವೋ ಸಂಗೀತವೋ ಇದ್ದರೆ ಒಂದು ಸಂಜೆ ಅದಕ್ಕೇ ಇಡಿ.

10. ದುಡ್ಡು, ಜೋಪಾನ, ವಾಪಸ್ ಹೊರಡುವುದು

ಯುಪಿಐ ಎಲ್ಲ ಕಡೆ ನಡೆಯುತ್ತದೆ. ಆದರೂ ದೋಣಿ, ಟ್ಯಾಕ್ಸಿಗೆ ಅಂತ ಹತ್ತು, ಇಪ್ಪತ್ತು, ಐವತ್ತರ ನೋಟುಗಳನ್ನು ಬೇರೆ ಇಟ್ಟುಕೊಳ್ಳಿ. ಹಿಂದಿ ಸಾಕಾಗುತ್ತದೆ. ಎರಡು ಮಾತು ಮರಾಠಿ ಆಡಿದರೆ ಎದುರಿನವರ ಮುಖ ಅರಳುತ್ತದೆ. ರೈಲಿನಲ್ಲಿ ಸಾಮಾನು ಕಳೆದರೆ, ತೊಂದರೆಯಾದರೆ 139ಕ್ಕೆ ಕರೆ ಮಾಡಿ, ಬೇರೆ ಕಡೆ 112.

ವಾಪಸ್ ಹೊರಡುವ ದಿನ ದೊಡ್ಡ ಪೆಟ್ಟಿಗೆ ಹಿಡಿದು ಸಂಜೆ ಹೊತ್ತು ಲೋಕಲ್ ಹತ್ತಬೇಡಿ. ಎಲ್‌ಟಿಟಿಯಿಂದ ರೈಲಿದ್ದರೆ ದಾದರ್‌ನಿಂದ ಟ್ಯಾಕ್ಸಿಯಲ್ಲಿ ಒಂದೂವರೆ ಗಂಟೆ ಮೊದಲು ಹೊರಡಿ, ದಕ್ಷಿಣದಿಂದಾದರೆ ಎರಡೂವರೆ ಗಂಟೆ. ಡ್ರೈವರ್‌ಗೆ ಬರೀ 'ಕುರ್ಲಾ ಸ್ಟೇಷನ್' ಅನ್ನಬೇಡಿ, ಅದು ಲೋಕಲ್ ನಿಲ್ದಾಣ. 'ಕುರ್ಲಾ ಟರ್ಮಿನಸ್, ಎಲ್‌ಟಿಟಿ' ಅನ್ನಿ. ದಾದರ್‌ನಿಂದ ರೈಲಿದ್ದರೆ ಪ್ಲಾಟ್‌ಫಾರಂ ನಂಬರನ್ನು ಬೋರ್ಡಿನಲ್ಲಿ ನೋಡಿಕೊಂಡೇ ಸೇತುವೆ ಹತ್ತಿ. ಅಲ್ಲಿ ವೆಸ್ಟರ್ನ್, ಸೆಂಟ್ರಲ್ ಎರಡೂ ಕಡೆ ಪ್ಲಾಟ್‌ಫಾರಂಗಳಿವೆ, ಸಾಮಾನು ಹೊತ್ತು ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಲು ಹತ್ತು ನಿಮಿಷವೂ ಸಾಲುವುದಿಲ್ಲ.